ನರ್ಮದೆಯ ದಂಡೆಯವರೆಗೆ

ರೈಲಿನಲ್ಲಿ ನಿದ್ರಿಸುತ್ತ ಹೋಗುವುದು ಪ್ರವಾಸವೇ ಅಲ್ಲವೆಂದು ನಾವು ನಂಬಿದ್ದ ಕಾಲವದು. 1983ರ ಮೇ ತಿಂಗಳಲ್ಲಿ ನಾವು ನಾಲ್ವರು ಸೊಲ್ಲಾಪುರದಿಂದ ಉತ್ತರಕ್ಕೆ ಹೊರಟೆವು. ವಾಹನ, ಗೆಳೆಯರೊಬ್ಬರ 1964ರ ಅಂಬಾಸಡರ್ ಮೋಟಾರು. ಇಳಿಜಾರಿನಲ್ಲಿ ನಿಲ್ಲಿಸಿದರೆ ಮಾತ್ರ ಮರಳಿ ಹೊರಡುವುದು ಅದರ ವ್ರತವಾಗಿತ್ತು.

ನಮ್ಮೊಡನೆ ಹಿರಿಯರಾದ ಮಾಸ್ತರರೊಬ್ಬರಿದ್ದರು. ತೀರಿಹೋದ ಮಡದಿಯ ಅಸ್ಥಿಯನ್ನು ಅವರು ಪ್ರಯಾಗಕ್ಕೆ ಒಯ್ಯಬೇಕಾಗಿತ್ತು. ರೈಲಿಗೆ ಹೊರಟವರನ್ನು ತಡೆದು ಮೋಟಾರಿನಲ್ಲಿ ಕೂಡಿಸಿದವರು ನಾವೇ. ನಮಗೆ ಆಗ್ರಾ ನೋಡುವ ಆಸೆ; ಪೆಟ್ರೋಲಿನ ಖರ್ಚಿಗೆ ನಾಲ್ಕನೆಯ ಪಾಲುದಾರರೂ ಬೇಕಾಗಿತ್ತು. ಈ ಮಾತನ್ನು ಮುಚ್ಚಿಡುವುದು ಸಲ್ಲದು.

ಬೀಡವನ್ನು ದಾಟಿ ಶಹಾಗಡದಲ್ಲಿ ಗೋದಾವರಿಯನ್ನು ಕಂಡೆವು. ಕವಿರಾಜಮಾರ್ಗವು ಕನ್ನಡನಾಡಿಗೆ ಹಾಕಿದ ಉತ್ತರದ ಎಲ್ಲೆ ಇದೇ ಎಂದು ಮಾಸ್ತರರು ಕೈಮುಗಿದರು. ಅಲ್ಲಿಯೇ ಪೆಟ್ರೋಲಿನ ಪಂಪು ಕಾದು ಗಾಡಿ ನಿಂತಿತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅದು ತಣಿಯುವವರೆಗೆ ಬೇವಿನ ನೆರಳಿನಲ್ಲಿ ಕುಳಿತೆವು. ಮರುದಿನ ವೇರೂಳಿನಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕೈಲಾಸವನ್ನು ನೋಡಿ ಮುಂದೆ ಸಾಗಿದಾಗ, ದಾರಿಯ ಫಲಕದಲ್ಲಿ ನಾಗರೀ ಲಿಪಿಯಲ್ಲಿ 'ಕನ್ನಡ' ಎಂದಿತ್ತು. ಅದು ಆ ಊರಿನ ಹೆಸರು! ಅಲ್ಲಿ ಚಹಾ ಕುಡಿಯದೆ ಮಾಸ್ತರರು ಗಾಡಿಯನ್ನೇರಲಿಲ್ಲ.

ಧುಳೆಯಾಚೆ ಬಿಜಾಸನ ಘಾಟಿನಲ್ಲಿ ಪಂಖದ ಪಟ್ಟಿ ಹರಿಯಿತು. ಮಾಸ್ತರರು ತಮ್ಮ ಧೋತರದ ದಪ್ಪ ಅಂಚನ್ನು ಹರಿದುಕೊಟ್ಟರು. ಅದನ್ನು ಹೊಸೆದು ಕಟ್ಟಿ, ನಿಂತು ನಿಂತು ಸೇಂಧ್ವಾ ಸೇರಿ ಹೊಸ ಪಟ್ಟಿ ಹಾಕಿಸಿದೆವು. ಆದರೆ ಎಂಜಿನ್ನು ಆ ಬೇಗೆಯನ್ನು ಮರೆಯಲಿಲ್ಲ. ಖಲಘಾಟದ ಸೇತುವೆ ಕಣ್ಣಿಗೆ ಬಿದ್ದಾಗ ಬಿಳಿಯ ಹೊಗೆಯುಗುಳಿ ನಿಂತುಬಿಟ್ಟಿತು. ಕರೆತಂದ ಮೇಸ್ತ್ರಿ ಎಣ್ಣೆಯ ಕಡ್ಡಿಯನ್ನು ಎತ್ತಿ ತೋರಿಸಿದನು: ಎಣ್ಣೆಯಲ್ಲಿ ನೀರು ಬೆರೆತಿತ್ತು. ಗ್ಯಾಸ್ಕೆಟ್ ಇಂದೂರಿನಿಂದ ಬರಬೇಕು. ದುರಸ್ತಿಗೆ ಹಣ ಕೊಟ್ಟರೆ, ಊರಿಗೆ ಮರಳುವಷ್ಟೇ ಉಳಿಯುತ್ತಿತ್ತು.

ಪ್ರಯಾಗದ ಮಾತೆತ್ತುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮಾಸ್ತರರೇ ಮೌನ ಮುರಿದರು.

"ಯಾಕ ಮಾರಿ ಸಣ್ಣ ಮಾಡೀರಿ? ಪುಲಿಕೇಶಿಯ ಮುಂದ ಸೋತ ಹರ್ಷ ಈ ಹೊಳಿ ದಾಟಿ ದಕ್ಷಿಣಕ್ಕ ಬರಲಿಲ್ಲ. ನಾವು ದಾಟಿ ಉತ್ತರಕ್ಕ ಹೋಗಲಿಲ್ಲ. ಲೆಕ್ಕ ಸರಿಹೋತು."

ನಾವು ನಗಬೇಕೆಂದು ಅವರು ಹಾಗೆಂದರು, ನಗಲಾಗಲಿಲ್ಲ. ಗಂಗೆ ಮಿಂದರೆ ಪಾವನ, ನರ್ಮದೆ ಕಂಡರೇ ಪಾವನವೆಂಬ ನಂಬಿಕೆಯನ್ನು ನೆನಪಿಸಿ, ಸಂಜೆ ಅವರೊಬ್ಬರೇ ಮೊಣಕಾಲುದ್ದದ ನೀರಿಗಿಳಿದು ಗಡಿಗೆಯನ್ನು ಬಾಗಿಸಿದರು. ನಾವು ದಂಡೆಯಲ್ಲಿ ತಲೆತಗ್ಗಿಸಿ ನಿಂತಿದ್ದೆವು. ಅವರು ನಮ್ಮನ್ನು ಅಂದೂ ಜರೆಯಲಿಲ್ಲ, ಮುಂದೆಯೂ ಜರೆಯಲಿಲ್ಲ. ಜರೆದಿದ್ದರೆ ನಮ್ಮ ಭಾರ ತುಸು ಇಳಿಯುತ್ತಿತ್ತು.

ಮಾಸ್ತರರು ಪ್ರಯಾಗವನ್ನು ಕಾಣದೆಯೇ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ನಾವು ಮೂವರು ಆಗ್ರಾಕ್ಕೆ ರೈಲಿನಲ್ಲಿಯೇ ಹೋದೆವು. ಇರುಳಿನಲ್ಲಿ ಗಾಡಿ ನರ್ಮದೆಯ ಸೇತುವೆಯನ್ನು ದಾಟುವಾಗ ನಮ್ಮಲ್ಲಿ ಯಾರೂ ನಿದ್ರಿಸಿರಲಿಲ್ಲ.