ಬರೀ ಎಂಬಿಬಿಎಸ್ಸಾ?

ವೈದ್ಯಕೀಯ ಸೀಟು ಸಿಕ್ಕಿತೆಂದರೆ ನಮ್ಮ ಕೌಜಲಗಿಯಂಥ ಊರಿನಲ್ಲಿ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಓಣಿಯವರೆಲ್ಲ ಬಂದು ಬಾಯಿ ಸಿಹಿ ಮಾಡಿಕೊಂಡು ಹೋಗುತ್ತಾರೆ. ಐದೂವರೆ ವರ್ಷದ ನಂತರ ಅದೇ ಹುಡುಗಿ ಡಾಕ್ಟರಾಗಿ ಊರಿಗೆ ಬಂದಾಗ ಅದೇ ಜನ ಕೇಳುವ ಪ್ರಶ್ನೆ ಬೇರೆ: “ಬರೀ ಎಂಬಿಬಿಎಸ್ಸಾ? ಮುಂದ ಏನೂ ಮಾಡಲಿಲ್ಲೇನು?” ಈ ‘ಬರೀ’ ಎಂಬ ಮಾತಿನ ಭಯ ವೈದ್ಯ ಶಿಕ್ಷಣದ ಕೊನೆಯ ಇಡೀ ಒಂದು ವರ್ಷವನ್ನು ಹೇಗೆ ನುಂಗುತ್ತಿದೆ ಎಂಬುದನ್ನು ನನ್ನ ಅಕ್ಕನ ಮಗಳ ಮೂಲಕ ನಾನು ಹತ್ತಿರದಿಂದ ಕಂಡೆ.

ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಆಮೇಲೆ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ನಮ್ಮ ಕಡೆ ಹೌಸ್ ಸರ್ಜನ್ ಎನ್ನುವುದು ಇವರನ್ನೇ. 2021ರ ನಿಯಮದ ಪ್ರಕಾರ ಈ 52 ವಾರಗಳಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರ, ಅಂದರೆ ಹೆಚ್ಚಾಗಿ ಹಳ್ಳಿಯ ಆರೋಗ್ಯ ಕೇಂದ್ರ. ಹೆರಿಗೆ ಮತ್ತು ಸ್ತ್ರೀರೋಗ 7 ವಾರ. ಮೆಡಿಸಿನ್ ಮತ್ತು ಸರ್ಜರಿ ತಲಾ 6 ವಾರ. ಮಕ್ಕಳ ವಿಭಾಗ 3 ವಾರ. ಉಳಿದವು ಕಣ್ಣು, ಕಿವಿ, ಮೂಳೆ, ತುರ್ತು ಚಿಕಿತ್ಸೆ ಇತ್ಯಾದಿ. ಪುಸ್ತಕದಲ್ಲಿದ್ದ ವಿದ್ಯೆ ಕೈಗೆ ಇಳಿಯಬೇಕಾದ ವರ್ಷವಿದು. ಗ್ಲುಕೋಸ್ ಹಚ್ಚಲು ನರ ಹುಡುಕುವುದು, ಹೊಲಿಗೆ ಹಾಕುವುದು, ಸತ್ತವರ ಮನೆಯವರಿಗೆ ಸುದ್ದಿ ಹೇಳುವುದು, ಇವನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಆದರೆ ಇದೇ ವರ್ಷದ ತಲೆಯ ಮೇಲೆ ನೀಟ್ ಪಿಜಿ ಪರೀಕ್ಷೆ ಕೂತಿರುತ್ತದೆ. ಹೆಚ್ಚಿನ ಸ್ನಾತಕೋತ್ತರ ಸೀಟುಗಳು ಸಿಗಬೇಕಾದರೆ ಈ ಒಂದೇ ಪರೀಕ್ಷೆ. ಹೌಸ್ ಸರ್ಜನ್ ಆಗಿ ಎಷ್ಟು ಚೆನ್ನಾಗಿ ದುಡಿದಿರಿ ಎಂಬುದಕ್ಕೆ ಅದರಲ್ಲಿ ಒಂದು ಅಂಕವೂ ಇಲ್ಲ. ಹೀಗಾಗಿ ಹುಡುಗರು ಇಡೀ ವರ್ಷವನ್ನು ಎರಡು ಭಾಗ ಮಾಡಿಕೊಳ್ಳುತ್ತಾರೆ: ಮೈಮುರಿಯುವ ಪೋಸ್ಟಿಂಗ್, ಓದಲು ಸಿಗುವ ಪೋಸ್ಟಿಂಗ್. ಮೊದಲನೆಯದನ್ನು ಬೇಗ ಮುಗಿಸಬೇಕು, ಎರಡನೆಯದನ್ನು ಪರೀಕ್ಷೆಯ ಹಿಂದಿನ ತಿಂಗಳುಗಳಿಗೆ ಉಳಿಸಿಕೊಳ್ಳಬೇಕು. ಅದಕ್ಕಾಗಿ ಗೆಳೆಯರೊಳಗೆ ಅದಲು ಬದಲು, ವಿಭಾಗದ ಮುಖ್ಯಸ್ಥರಿಗೆ ಅರ್ಜಿ, ಬೇಡಿಕೆ.

ನಮ್ಮ ಹುಡುಗಿ ಹೌಸ್ ಸರ್ಜನ್ ಆದದ್ದು 2023ರ ಏಪ್ರಿಲ್ ಕೊನೆಯಲ್ಲಿ, ಒಂದು ಸರಕಾರಿ ಕಾಲೇಜಿನಲ್ಲಿ. ಆ ವರ್ಷದ ಪರೀಕ್ಷೆ ಮಾರ್ಚ್ 5ಕ್ಕೆ ಆಗಿತ್ತು. ಮುಂದಿನದೂ ಮಾರ್ಚಿಗೇ ಆದೀತೆಂಬ ಲೆಕ್ಕದ ಮೇಲೆ ಅವಳು ಹೆರಿಗೆ ವಾರ್ಡು, ಮೆಡಿಸಿನ್, ಸರ್ಜರಿ ಎಲ್ಲವನ್ನೂ ಮೊದಲಿಗೆ ಹಾಕಿಸಿಕೊಂಡಳು. ಹಳ್ಳಿಯ 12 ವಾರಗಳನ್ನು ಡಿಸೆಂಬರಿನಿಂದ ಫೆಬ್ರವರಿಗೆ ಇಟ್ಟುಕೊಂಡಳು. “ಮಾಮೂ, ಅಲ್ಲಿ ಹನ್ನೆರಡಕ್ಕ ಒಪಿಡಿ ಮುಗೀತದ. ಆಮೇಲೆ ರಾತ್ರಿತನಕ ಓದಬಹುದು” ಎಂದಳು. ನವೆಂಬರಿನಲ್ಲಿ ಪರೀಕ್ಷೆಯ ದಿನಾಂಕ 2024ರ ಮಾರ್ಚ್ 3 ಎಂದು ಪ್ರಕಟವಾದಾಗ ಅವಳ ಲೆಕ್ಕ ಸರಿಯಾಗಿತ್ತು.

ಜನವರಿ 9ರಂದು ಅದು ಜುಲೈ 7ಕ್ಕೆ ಹೋಯಿತು. ಅವಳು ಆಗ ಹಳ್ಳಿಯಲ್ಲಿದ್ದಳು. ಉಳಿಸಿಟ್ಟ ವಾರಗಳಿಗೆ ಇನ್ನು ಅರ್ಥವಿರಲಿಲ್ಲ. ಒಂದೆರಡು ದಿನ ಅತ್ತಳು, ಮನೆಗೆ ಫೋನ್ ಮಾಡಲಿಲ್ಲ. ಆಮೇಲೆ ಪುಸ್ತಕ ಮುಚ್ಚಿಟ್ಟು ಹನ್ನೆರಡರ ನಂತರವೂ ದವಾಖಾನೆಯಲ್ಲಿ ಕೂರತೊಡಗಿದಳು.

ಅದು ಕಬ್ಬಿನ ಹಂಗಾಮು. ನಮ್ಮ ಸೀಮೆಯ ಹಂಗಾಮಿನ ದವಾಖಾನೆ ಹೇಗಿರುತ್ತದೆಂದು ಬಲ್ಲವರು ಬಲ್ಲರು. ಕೊಯಿತಾ ಬಡಿದ ಕೈ, ಟ್ರ್ಯಾಕ್ಟರಿನಿಂದ ಬಿದ್ದ ಕಾಲು, ಗುಡಿಸಲಿನಲ್ಲಿ ಕೆಮ್ಮುವ ಮಕ್ಕಳು. ಒಂದು ಸಂಜೆ ದೂರದ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗಿನ ತುಂಬು ಗರ್ಭಿಣಿಯೊಬ್ಬಳು ತಲೆನೋವಿನ ಗುಳಿಗೆ ಕೇಳಲು ಬಂದಳು. ಅವಳ ತಾಯಿ ಕಾರ್ಡು ಊರಲ್ಲೇ ಉಳಿದಿತ್ತು. ಕಾಲು ಊದಿದ್ದನ್ನು ಮೊದಲು ನೋಡಿದವರು ಅಲ್ಲಿಯ ಸಿಸ್ಟರ್. ಬಿಪಿ ಅಳೆದರೆ ಅಪಾಯದ ಮಟ್ಟ ಮೀರಿತ್ತು. ಹೆರಿಗೆ ವಾರ್ಡಿನ ಏಳು ವಾರ ನಮ್ಮ ಹುಡುಗಿಯ ಕೈಯಲ್ಲಿ ಇನ್ನೂ ಹಸಿಯಾಗಿತ್ತು. ಹಿರಿಯ ವೈದ್ಯರನ್ನು ಫೋನಿನಲ್ಲಿ ಕೇಳಿ, ಫಿಟ್ಸ್ ಬಾರದಂತೆ ಇಂಜೆಕ್ಷನ್ ಕೊಟ್ಟು, 108ರಲ್ಲಿ ತಾನೂ ಕೂತು ಜಿಲ್ಲಾ ಆಸ್ಪತ್ರೆ ಮುಟ್ಟಿಸಿದಳು. ತಾಯಿ ಮಗು ಇಬ್ಬರೂ ಉಳಿದರು. ಆ ಗಂಟೆಯಲ್ಲಿ ಆ ಗುಡಿಸಲಿನವರಿಗೆ ಬೇಕಾಗಿದ್ದದ್ದು ಬರೀ ಒಬ್ಬ ಎಂಬಿಬಿಎಸ್.

ಒಮ್ಮೆ ಯೋಚಿಸಿ. ಪರೀಕ್ಷೆ ಮಾರ್ಚ್ 3ಕ್ಕೇ ನಿಂತಿದ್ದರೆ ಆ ಸಂಜೆ ಅವಳು ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸುತ್ತಿರುತ್ತಿದ್ದಳು. ಅದಕ್ಕೆ ಅವಳನ್ನು ದೂರುವಂತಿಲ್ಲ. ರೋಗಿಯ ಬಳಿ ಕೂತವನು ಹಿಂದೆ ಬೀಳುವ, ಕೋಣೆಯಲ್ಲಿ ಕೂತವನು ಮುಂದೆ ಹೋಗುವ ವ್ಯವಸ್ಥೆಯನ್ನು ಮಾಡಿದ್ದು ಇಪ್ಪತ್ಮೂರರ ಹುಡುಗಿಯಲ್ಲ.

ಮುಂದಿನ ಕಥೆ ಹಲವರಿಗೆ ಗೊತ್ತು. ಜುಲೈ 7 ಇದ್ದದ್ದು ಜೂನ್ 23 ಆಯಿತು. ಹಿಂದಿನ ದಿನವೇ ತಂದೆ ಮಗಳು ಹುಬ್ಬಳ್ಳಿಗೆ ಹೋಗಿ ಲಾಡ್ಜಿನಲ್ಲಿ ಉಳಿದರು. ರಾತ್ರಿ ಸುದ್ದಿ ಬಂತು: ಪರೀಕ್ಷೆ ಮುಂದಕ್ಕೆ. ಕೊನೆಗೆ ಆಗಸ್ಟ್ 11ರಂದು ಎರಡು ಪಾಳಿಯಲ್ಲಿ ನಡೆಯಿತು. ಅಖಿಲ ಭಾರತ ಕೋಟಾದ ಮೊದಲ ಸುತ್ತಿನ ಸೀಟು ಹಂಚಿಕೆಯಾದದ್ದು ನವೆಂಬರಿನಲ್ಲಿ. ಏಪ್ರಿಲಿನಲ್ಲಿ ಡಾಕ್ಟರಾದ ಹುಡುಗಿ ಅಷ್ಟೂ ದಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾ ಹಗಲು ಓದಿದಳು. ಮನೆಗೆ ಬಂದವರೆಲ್ಲ ಅಕ್ಕನನ್ನು ಕೇಳಿದ್ದು ಎರಡೇ ಮಾತು: ಸೀಟು ಯಾವಾಗ, ಮದುವೆ ಯಾವಾಗ. ಎರಡಕ್ಕೂ ಅವಳ ಹತ್ತಿರ ತಾರೀಖು ಇರಲಿಲ್ಲ.

ಇದು ಒಂದು ವರ್ಷದ ಮಾತಲ್ಲ. 2021ರ ಪರೀಕ್ಷೆ ಏಪ್ರಿಲ್ 18ರಿಂದ ಸೆಪ್ಟೆಂಬರ್ 11ಕ್ಕೆ ಹೋಯಿತು. ಮೀಸಲಾತಿ ಮೊಕದ್ದಮೆಯಲ್ಲಿ ಮಧ್ಯಂತರ ಆದೇಶ ಬಂದು ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿ 12ರಂದು. ಕೊರೋನಾದ ಆ ಕಾಲದಲ್ಲಿ ಆಸ್ಪತ್ರೆಗಳಿಗೆ ಹೊಸ ತಂಡವೇ ಬರದೆ ಇದ್ದವರೇ ಇಬ್ಬರ ಕೆಲಸ ಮಾಡಿದರು. 2025ರಲ್ಲೂ ಜೂನ್ 15ರ ಪರೀಕ್ಷೆ ಆಗಸ್ಟ್ 3ಕ್ಕೆ ಸರಿಯಿತು, ಏಕೆಂದರೆ ಒಂದೇ ಪಾಳಿಯಲ್ಲಿ ನಡೆಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆ ಆದೇಶ ನ್ಯಾಯವಾದದ್ದೇ. ಪ್ರತಿ ಸಲ ಏನಾದರೊಂದು ಕಾರಣ ಇದ್ದೇ ಇರುತ್ತದೆ, ಪ್ರತಿ ಸಲ ಬೆಲೆ ತೆರುವವರು ಮಾತ್ರ ಅದೇ ಹುಡುಗರು ಮತ್ತು ಅದೇ ರೋಗಿಗಳು.

ಅಮೆರಿಕದಲ್ಲಿಯೂ ಕೊನೆಯ ವರ್ಷದ ವೈದ್ಯ ವಿದ್ಯಾರ್ಥಿಗಳಿಗೆ ಚಿಂತೆ ತಪ್ಪಿದ್ದಲ್ಲ. ಅಲ್ಲಿ 1952ರಿಂದ ‘ಮ್ಯಾಚ್’ ಎಂಬ ಪದ್ಧತಿಯಿದೆ. ಅಭ್ಯರ್ಥಿಗಳ ಆಯ್ಕೆ ಪಟ್ಟಿ ಮತ್ತು ಆಸ್ಪತ್ರೆಗಳ ಆಯ್ಕೆ ಪಟ್ಟಿ ಎರಡನ್ನೂ ತಾಳೆ ಹಾಕಿ ಸೀಟು ನಿರ್ಧರಿಸುತ್ತಾರೆ. ಅವರೂ ಸಂದರ್ಶನಕ್ಕೆ ಅನುಕೂಲವಾಗುವಂತೆ ಪೋಸ್ಟಿಂಗ್ ಹೊಂದಿಸಿಕೊಳ್ಳುತ್ತಾರೆ. ಆದರೆ ಫಲಿತಾಂಶ ಮಾರ್ಚಿನ ಮೂರನೆಯ ಶುಕ್ರವಾರ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಜೊತೆಗೆ ವಾರ್ಡಿನಲ್ಲಿ ಮಾಡಿದ ಕೆಲಸವನ್ನು ಕಂಡ ಹಿರಿಯ ವೈದ್ಯರ ಪತ್ರಕ್ಕೆ ಅಲ್ಲಿ ಬೆಲೆಯಿದೆ. ಅವರಿಗೆ ತಿಳಿಯದಿರುವುದು ‘ಎಲ್ಲಿ’ ಎಂಬುದು. ನಮ್ಮವರಿಗೆ ‘ಯಾವಾಗ’ ಎಂಬುದೂ ತಿಳಿಯದು.

ನಮಗೆ ಅವರ ಪದ್ಧತಿಯೇ ಬೇಕೆಂದಲ್ಲ. ಆದರೆ ಪರೀಕ್ಷೆಯ ತಾರೀಖನ್ನು ಇಂಟರ್ನ್‌ಶಿಪ್ ಆರಂಭವಾಗುವ ಮೊದಲೇ ಹೇಳಿ, ಹೇಳಿದ್ದಕ್ಕೆ ನಿಲ್ಲುವುದು ಅಸಾಧ್ಯವೇ? ಇಂಟರ್ನ್‌ಶಿಪ್ ಮುಗಿದ ಮೇಲೆ ಓದಲು ಎರಡು ಮೂರು ತಿಂಗಳು ಬಿಟ್ಟು ಪರೀಕ್ಷೆ ಇಟ್ಟರೆ ವಾರ್ಡೂ ಉಳಿಯುತ್ತದೆ, ಓದೂ ಉಳಿಯುತ್ತದೆ. 2023ರಲ್ಲಿ ಸೀಟುಗಳು ಖಾಲಿ ಉಳಿದಾಗ ಅರ್ಹತೆಯ ಗೆರೆಯನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಿದ್ದನ್ನು ಕಂಡಿದ್ದೇವೆ. ಗೆರೆಯನ್ನು ಅಷ್ಟು ಸಲೀಸಾಗಿ ಸರಿಸಲು ಬರುವುದಾದರೆ, ಒಂದು ವರ್ಷದ ದುಡಿಮೆಗೆ ನಾಲ್ಕು ಅಂಕ ಕೊಡುವುದು ದೊಡ್ಡ ಮಾತೇನಲ್ಲ.

ಸರಕಾರ ಮಾಡಬೇಕಾದದ್ದು ಅದು. ನಾವು ಮಾಡಬೇಕಾದದ್ದೂ ಒಂದಿದೆ. ನಮ್ಮ ಹುಡುಗಿಗೆ ಕೊನೆಗೆ ಮಕ್ಕಳ ವಿಭಾಗದಲ್ಲಿ ಸೀಟು ಸಿಕ್ಕಿತು, ಮನೆಯವರಿಗೆ ಸಂತೋಷವಾಯಿತು. ಆದರೆ ಎಲ್ಲರೂ ಸ್ಪೆಶಲಿಸ್ಟರಾಗಿ ಪಟ್ಟಣ ಸೇರಿದರೆ ಜ್ವರ, ಬಿಪಿ, ಹೆರಿಗೆ ನೋಡುವವರು ಯಾರು? ಮುಂದಿನ ಸಲ ಓಣಿಗೆ ಒಬ್ಬ ಹೊಸ ಡಾಕ್ಟರು ಬಂದಾಗ ‘ಬರೀ ಎಂಬಿಬಿಎಸ್ಸಾ’ ಎನ್ನುವ ಮೊದಲು, ಮನೆಯಲ್ಲಿ ಅಡ್ಡಾಗಿರುವ ಮುದುಕರ ಬಿಪಿಯನ್ನು ಅವರ ಕೈಯಿಂದ ಅಳೆಸೋಣ. ಕೇಳಬೇಕಾದ ಪ್ರಶ್ನೆ ಆಗ ತಾನಾಗಿ ಹೊಳೆಯುತ್ತದೆ: “ಡಾಕ್ಟರ, ಇಲ್ಲೇ ಇರ್ತೀರೇನು?”