ಸೂರ್ಯಕಾಂತಿ ದಾರಿಯಲ್ಲಿ ಕಡಲ ಲೆಕ್ಕ

ಚಾಮರಾಜನಗರ ಬಿಟ್ಟು ತೆರಕಣಾಂಬಿ ಹಾದು ಗುಂಡ್ಲುಪೇಟೆ ಕಡೆಗೆ ಸಾಗುತ್ತಿದ್ದೇನೆ. ಮುಂಗಾರಿನಲ್ಲಿ ಈ ದಾರಿಯುದ್ದಕ್ಕೂ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಗುಂಡ್ಲುಪೇಟೆ ಸಮೀಪಿಸಿದಂತೆ ಕೇರಳದ ಕಾರುಗಳು ರಸ್ತೆಬದಿಗೆ ನಿಂತು ಫೋಟೋ ಹೊಡೆಯುವ ಗದ್ದಲ. ಇಂಥ ಬಯಲುಸೀಮೆಯಲ್ಲಿ ಪೈರೋಸೋಮ್ ಎಂಬ ಕಡಲಜೀವಿಯ ಮಾತೇಕೆ? ಅದು ಒಂದು ಜೀವಿಯೋ ಸಾವಿರವೋ ಎಂಬ ಪ್ರಶ್ನೆಯನ್ನು ಬಿಡಿಸಲು ಈ ಹೊಲಗಳಿಗಿಂತ ಒಳ್ಳೆಯ ಜಾಗ ನನಗೆ ತೋಚದು. ಒಂದು ಸೂರ್ಯಕಾಂತಿಯ ತಟ್ಟೆಯಲ್ಲಿರುವುದು ನೂರಾರು ಪುಟ್ಟ ಹೂಗಳು. ಅಂಚಿನ ಹಳದಿ ದಳಗಳು ಕಾಳು ಕಟ್ಟದ ಹೂಗಳು. ಕಾಳು ಕಟ್ಟುವುದು ನಡುವಿನವು. ಚೆಂಡುಹೂವೂ ಇಂಥದೇ ಗೊಂಚಲು; ಮಾರುವವನೂ ಮುಡಿಯುವವಳೂ ಎಣಿಸುವಾಗ ಮಾತ್ರ ಅದು ಒಂದೇ ಹೂ.

ಪೈರೋಸೋಮ್ ಕೂಡ ಹೀಗೆ, ಆದರೆ ಇನ್ನೂ ಜಟಿಲ. ಒಂದು ತುದಿ ಮುಚ್ಚಿದ, ಪಾರದರ್ಶಕ ಲೋಳೆಯಂಥ ಕೊಳವೆ. ಅದರ ಗೋಡೆಯ ತುಂಬ ಕೆಲವೇ ಮಿಲಿಮೀಟರ್ ಗಾತ್ರದ ಬಿಡಿಜೀವಿಗಳು. ಪ್ರತಿಯೊಂದೂ ಹೊರಗಿನಿಂದ ನೀರು ಹೀರಿ, ಆಹಾರ ಸೋಸಿಕೊಂಡು, ಉಳಿದದ್ದನ್ನು ಕೊಳವೆಯೊಳಕ್ಕೆ ಬಿಡುತ್ತದೆ. ಆ ನೀರು ತೆರೆದ ಬಾಯಿಂದ ಚಿಮ್ಮಿದಾಗ ಇಡೀ ಕೊಳವೆ ಮುಂದೆ ಸಾಗುತ್ತದೆ. ಒಂದನ್ನು ಕೆಣಕಿದರೆ ಅದು ಬೆಳಗುತ್ತದೆ, ಆ ಬೆಳಕು ಕಂಡು ನೆರೆಯದೂ ಬೆಳಗುತ್ತದೆ. 1804ರಲ್ಲಿ ಫ್ರೆಂಚ್ ವಿಜ್ಞಾನಿ ಪೆರೋನ್ ಇದನ್ನು ವರ್ಣಿಸಿ ಇಟ್ಟ ಹೆಸರಿಗೆ ಗ್ರೀಕ್‌ನಲ್ಲಿ ಬೆಂಕಿಮೈ ಎಂದರ್ಥ. ಕೆಲವು ಪ್ರಭೇದಗಳ ಕೊಳವೆ ಹತ್ತಿಪ್ಪತ್ತು ಮೀಟರ್ ಉದ್ದ ಬೆಳೆಯುವುದುಂಟು.

ಹೂವಿನ ಹೋಲಿಕೆ ಸಲ್ಲದು, ಕಾಡಂಚಿನ ಗೆದ್ದಲ ಹುತ್ತ ವಾಸಿ ಎಂದು ಯಾರಾದರೂ ಆಕ್ಷೇಪಿಸಬಹುದು: ಹೂವು ಉಣ್ಣುವುದಿಲ್ಲ, ಗೆದ್ದಲು ಉಣ್ಣುತ್ತದೆ. ಸರಿಯೇ. ಆದರೆ ಗೆದ್ದಲುಗಳು ಬೇರೆ ಬೇರೆ ಮೊಟ್ಟೆಗಳಿಂದ ಹುಟ್ಟಿದ ಒಡಹುಟ್ಟುಗಳು. ಪೈರೋಸೋಮ್‌ನದು ಒಂದೇ ಮೊಟ್ಟೆ. ಅದರಿಂದ ಮೊದಲು ನಾಲ್ಕು ಮರಿಮೊಗ್ಗು, ಆಮೇಲೆ ಮೊಗ್ಗಿಗೆ ಮೊಗ್ಗು. ಹುಟ್ಟಿನಲ್ಲಿ ಅದು ಸೂರ್ಯಕಾಂತಿ, ಉಣ್ಣುವಾಗ ಹುತ್ತ, ಈಜುವಾಗ ಒಂದೇ ಮೈ. ಕೆಲಸ ಯಾವುದೆಂದು ಹೇಳದೆ ಎಣಿಕೆ ಕೇಳುವುದೇ ತಪ್ಪು ಎನ್ನುವುದು ನನ್ನ ವಾದ. ಇದು ಬರೀ ಮಾತಿನ ಚಮತ್ಕಾರ ಎನ್ನುವವರಿಗೆ, ಒಂದೇ ಗುರುತು ನೋಡಿ ನೆಂಟಸ್ತನ ಹೇಳುವುದೂ ಹೀಗೆಯೇ ಎಡವುತ್ತದೆ ಎಂದು ತೋರಿಸುವ ಇನ್ನೊಂದು ಸಂಗತಿ: ಪೈರೋಸೋಮ್ ಸೇರಿದ ಗುಂಪಿನ ಜೀವಿಗಳ ಹೊದಿಕೆಯಲ್ಲಿ ಗಿಡದ ನಾರಿನ ಸೆಲ್ಯುಲೋಸ್ ಇದೆ. ಹಾಗಿದ್ದೂ ಬೆನ್ನೆಲುಬಿನ ಪ್ರಾಣಿಗಳಿಗೆ, ಅಂದರೆ ಬಂಡೀಪುರದ ಆನೆಗೂ ನಮಗೂ, ಅತಿ ಹತ್ತಿರದ ನೆಂಟರು ಈ ಗುಂಪಿನವರೇ.