ಕಬ್ಬು ಕಡಿಯುವ ಮುಂಚಿನ ವಾರ

ಸೋಮವಾರ, 10 ನವೆಂಬರ್ 2025

ಎಂಟನೇ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ಎಲ್ಲಿ ಮಾಡುತ್ತೇವೆ ಅನ್ನುವುದನ್ನು ಮುಂದಿನ ಸೋಮವಾರದೊಳಗೆ ಬರೆದುಕೊಡಬೇಕೆಂದು ಎಚ್‌ಒಡಿ ಸರ್ ಕ್ಲಾಸಿಗೇ ಬಂದು ಹೇಳಿ ಹೋದರು. ನಮ್ಮ ಎಲೆಕ್ಟ್ರಿಕಲ್ ಬ್ಯಾಚಿನಲ್ಲಿ ಅರ್ಧ ಮಂದಿಗೆ ಇನ್ನೂ ಎಲ್ಲಿಯೂ ಗಟ್ಟಿಯಾಗಿಲ್ಲ. ಊಟದ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಕೂತು ಎಐಸಿಟಿಇ ಪೋರ್ಟಲ್, ಇಂಟರ್ನ್‌ಶಾಲಾ ಎರಡನ್ನೂ ಜಾಲಾಡಿದೆ. ಕೆಲವು ಕಂಪನಿಯವರು ಮೊದಲು ಟ್ರೇನಿಂಗ್ ಫೀ ಕಟ್ಟಿ ಅನ್ನುತ್ತಾರೆ. ಕಟ್ಟಿದರೆ ಸರ್ಟಿಫಿಕೇಟ್ ಮೇಲ್‌ನಲ್ಲೇ ಬರುತ್ತದೆ, ಒಂದು ಮೋಟರನ್ನೂ ಮುಟ್ಟಬೇಕಾಗಿಲ್ಲ. ಸಾಲ ಸೋಲ ಮಾಡಿ ಓದುವ ಹುಡುಗರ ಕೈಯಿಂದ ಹೀಗೆ ದುಡ್ಡು ಕೀಳುವವರನ್ನು ಕಂಡರೆ ಮೈ ಉರಿಯುತ್ತದೆ. ಹೋದ ವರ್ಷ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ಇದೆ. ಆದರೆ ಅದು ಕಾಲೇಜಿಗೆ ದಿನಾ ಹೋಗಿ ಓದುತ್ತಿರುವವರಿಗಲ್ಲ.

ಮಧ್ಯಾಹ್ನದ ಮೇಲೆ ರಾಜ್ಯೋತ್ಸವದ ಕಾರ್ಯಕ್ರಮ. ಮುಧೋಳದಲ್ಲಿ ಭಾಷಣ ಅಂದಮೇಲೆ ಕವಿ ರನ್ನ ಬಾರದೆ ಇರುವುದಿಲ್ಲ. 949ರಲ್ಲಿ ಇಲ್ಲಿಯ ಬಳೆಗಾರರ ಮನೆಯಲ್ಲಿ ಜಿನವಲ್ಲಭ, ಅಬ್ಬಲಬ್ಬೆಯರ ಮಗನಾಗಿ ಹುಟ್ಟಿದ, ಓದಿನ ಹಂಬಲಕ್ಕೆ ಮನೆ ಬಿಟ್ಟ, ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರಲ್ಲಿ ಕಲಿತ, ಚಾವುಂಡರಾಯನ ಆಸರೆ ಪಡೆದ. "ನೀವೂ ಊರ ಬಿಟ್ಟು ಹೋಗಿ ದೊಡ್ಡವರಾಗ್ರಿ" ಎಂದು ಅತಿಥಿಗಳು ಮುಗಿಸಿದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ, ಮನಸ್ಸು ಮಾತ್ರ ಒಪ್ಪಲಿಲ್ಲ. ಅವನಿಗೆ ಬೇಕಾದ ಗುರು ಅಲ್ಲಿದ್ದರು, ಅದಕ್ಕೆ ಅಲ್ಲಿಗೆ ಹೋದ. ನನಗೆ ಬೇಕಾದದ್ದು ಬಾಯ್ಲರು, ಟರ್ಬೈನು, ಜನರೇಟರು. ಅವು ನಮ್ಮ ಹೊಲದ ಬದುವಿನಲ್ಲಿ ನಿಂತರೆ ಕಾಣುವ ಸಕ್ಕರೆ ಕಾರ್ಖಾನೆಯ ಚಿಮಣಿಯ ಕೆಳಗೇ ಇವೆ.

ಇದನ್ನು ಅಪ್ಪನ ಮುಂದೆ ಹೇಳುವುದು ಹೇಗೆ? ಅಪ್ಪ ಕಬ್ಬಿನ ದರಕ್ಕಾಗಿ ಮುಧೋಳದಲ್ಲಿ ನಡೆದಿರುವ ಧರಣಿಯಲ್ಲಿ ಕೂತಿದ್ದಾರೆ, ಕಾರ್ಖಾನೆಯವರ ಮೇಲೆಯೇ ಸಿಟ್ಟು. ಗುರ್ಲಾಪುರ ಕ್ರಾಸಿನ ಹೋರಾಟದ ನಂತರ 7ನೇ ತಾರೀಖಿಗೆ ಮುಖ್ಯಮಂತ್ರಿಗಳು ಸಭೆ ಮಾಡಿ 11.25 ರಿಕವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ ಅಷ್ಟು ಕಿಲೋ ಸಕ್ಕರೆ ಬಂದರೆ, ಟನ್ನಿಗೆ 3,300 ರೂಪಾಯಿ ಎಂದು ಹೇಳಿದರು. ನಮ್ಮ ಕಡೆಯವರು ಒಪ್ಪಿಲ್ಲ. ರಿಕವರಿಯ ಮಾತೇ ಬೇಡ, ಕಟಾವು, ಸಾಗಾಟದ ಖರ್ಚು ಬಿಟ್ಟು 3,500 ಕೊಡಿ ಅನ್ನುತ್ತಾರೆ. ಕೇಂದ್ರ ನಿಗದಿ ಮಾಡಿದ ಕನಿಷ್ಠ ದರ, ಎಫ್‌ಆರ್‌ಪಿ, ಈ ಸಲ 10.25 ರಿಕವರಿಗೆ 3,550 ಇದೆ ನಿಜ, ಆದರೆ ಕಡಿದು ಸಾಗಿಸುವ ಖರ್ಚು ಅದರಲ್ಲೇ ಮುರಿದುಹೋಗುತ್ತದೆ. "ರಿಕವರಿ ತೆಗಿಯವರೂ ಅವರ, ಹೇಳವರೂ ಅವರ. ನಾವು ಬರೇ ಕೇಳವರು" ಎಂದು ಅಪ್ಪ ರೊಟ್ಟಿ ಮುರಿಯುತ್ತಾ ಅಂದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಚಟ್ನಿ ನೀಡಿದೆ.

ಮಂಗಳವಾರ, 11 ನವೆಂಬರ್

ಮುಂಜಾನೆ ಅವ್ವನ ಜೊತೆ ಎಮ್ಮೆಗೆ ಮೇವು ತರಲು ಹೊಲಕ್ಕೆ ಹೋಗಿದ್ದೆ. ಹೊಳೆಯ ಕಡೆಯ ಪಟ್ಟಿಯಲ್ಲಿ ಕಬ್ಬು ಹೂ ಬಿಟ್ಟಿದೆ. ದೂರದಿಂದ ನೋಡಲು ಚೆಂದ, ಬೆಳ್ಳಗೆ ಗಾಳಿಗೆ ತೂಗುತ್ತದೆ. ಅವ್ವ ಒಂದು ಜಲ್ಲೆಯನ್ನು ಕುಡಗೋಲಿನಿಂದ ಅಡ್ಡ ಕತ್ತರಿಸಿ ತೋರಿಸಿದರು. ತುದಿಯ ಗಣಿಕೆಗಳ ನಡುವೆ ಒಣ ಬೆಂಡು, ಬೆರಳಿನಿಂದ ಒತ್ತಿದರೆ ರಸವಿಲ್ಲ. ಇನ್ನೂ ಹದಿನೈದು ದಿನ ನಿಂತರೆ ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ದರಕ್ಕಾಗಿ ಕಾಯ್ದಷ್ಟೂ ಕಬ್ಬು ಹಗುರಾಗುತ್ತದೆ. ಇದು ಗೊತ್ತಿದ್ದೂ ಕಾಯುತ್ತಿದ್ದಾರಲ್ಲ, ಅವರ ಗಟ್ಟಿತನ ದೊಡ್ಡದು.

ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದ ಬೆಂಗಳೂರಿನ ಕಂಪನಿಯೊಂದರಿಂದ ಮೇಲ್ ಬಂದಿದೆ, ಗುರುವಾರ ನಾಲ್ಕು ಗಂಟೆಗೆ ಆನ್‌ಲೈನ್ ಇಂಟರ್‌ವ್ಯೂ. ಕಾರ್ಖಾನೆ, ಆಸ್ಪತ್ರೆಗಳ ಕರೆಂಟಿನ ಬಳಕೆ ಅಳೆಯುವ ಪ್ಯಾನೆಲ್ ಮಾಡುವವರು. ಮೊದಲ ಎರಡು ತಿಂಗಳು ಸ್ಟೈಪೆಂಡ್ ಇಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಪಿಜಿಗೆ ತಿಂಗಳಿಗೆ 8,500 ಹಿಡಿದರೆ ನಾಲ್ಕು ತಿಂಗಳಿಗೆ 34,000. ನಮ್ಮದು ನಾಲ್ಕು ಎಕರೆ ಕಬ್ಬು, ಎಕರೆಗೆ ನಲವತ್ತು ಟನ್ ಹಿಡಿದರೆ 160 ಟನ್. 3,300ಕ್ಕೂ 3,500ಕ್ಕೂ ನಡುವಿನ 200 ರೂಪಾಯಿಯನ್ನು 160ರಿಂದ ಗುಣಿಸಿದರೆ 32,000. ಅಪ್ಪ ಬಿಸಿಲಿನಲ್ಲಿ ಕೂತು ಕೇಳುತ್ತಿರುವುದು, ನಾನು ಬೆಂಗಳೂರಿಗೆ ಹೋಗಲು ಬೇಕಾಗಿರುವುದು, ಹೆಚ್ಚುಕಡಿಮೆ ಒಂದೇ ಮೊತ್ತ. ಆ ಪುಟವನ್ನು ಬಹಳ ಹೊತ್ತು ನೋಡುತ್ತ ಕೂತೆ.

ರಾತ್ರಿ ಮಾಳಿಗೆಯ ಮೇಲೆ ಹೋಗಿ ನನ್ನ ಗೆಳೆಯನಿಗೆ ಫೋನ್ ಮಾಡಿದೆ. ಹಿಂದೆ ಮಗ್ಗದ ಸಪ್ಪಳ. ಬನಹಟ್ಟಿಯ ಅವರ ಮನೆಯಲ್ಲಿ ಪವರ್‌ಲೂಮ್ ನಿಂತರೆ ಮಾತ್ರ ಮಾತು ಸರಿಯಾಗಿ ಕೇಳುತ್ತದೆ. ಅವನಿಗೆ ಬೆಂಗಳೂರಿನಲ್ಲಿ ಗಟ್ಟಿಯಾಗಿದೆ, ಕಂಪ್ಯೂಟರ್ ಸೈನ್ಸ್‌ನವರಿಗೆ ಬೇಗ ಸಿಗುತ್ತದೆ. "ನೀನೂ ಬಂದ್ರ ನಾಕು ತಿಂಗಳರೆ ಯಾರಿಗೂ ಅಂಜದಂಗ ಕುಂತು ಮಾತಾಡಬಹುದು" ಅಂದ. ಆ ಆಸೆ ನನಗೂ ಇದೆ. ಎರಡು ವರ್ಷದಿಂದ ನಾವು ಮಾತಾಡಿದ್ದೆಲ್ಲ ಬಸ್‌ಸ್ಟ್ಯಾಂಡಿನಲ್ಲಿ, ಕ್ಯಾಂಟೀನಿನಲ್ಲಿ, ನಾಲ್ಕು ಮಂದಿಯ ನಡುವೆ. ಕಾರ್ಖಾನೆಯ ವಿಷಯ ಹೇಳಿದೆ. ಸುಮ್ಮನಾದ. ಮಗ್ಗದ ಸಪ್ಪಳವಷ್ಟೇ ಕೇಳುತ್ತಿತ್ತು.

ಬುಧವಾರ, 12 ನವೆಂಬರ್

ಕ್ಲಾಸು, ಲ್ಯಾಬು, ಬಸ್ಸು. ಸಕ್ಕರೆ ಕಾರ್ಖಾನೆಯ ಕೋಜನರೇಷನ್ ವಿಭಾಗಕ್ಕೆ ಅರ್ಜಿ ಬರೆದು ಮುಗಿಸಿದೆ. ಕೆಳಗೆ ಪಾಲಕರ ಸಹಿಗೆ ಜಾಗ ಖಾಲಿ ಇದೆ. ಅದನ್ನು ಪುಸ್ತಕದಲ್ಲಿಟ್ಟು ಮಲಗಿದೆ.

ಗುರುವಾರ, 13 ನವೆಂಬರ್

ಇವತ್ತು ಕಾಲೇಜಿಗೆ ಹೋಗಲಿಲ್ಲ, ಬಸ್ ಸಿಗಲಿಲ್ಲ. ಅಪ್ಪ ಬೆಳಿಗ್ಗೆಯೇ ಹಸಿರು ಶಾಲು ಹೆಗಲಿಗೆ ಹಾಕಿಕೊಂಡು ಊರವರ ಜೊತೆ ಮುಧೋಳಕ್ಕೆ ಹೋದರು.

ನಾಲ್ಕು ಗಂಟೆಗೆ ಪಡಸಾಲೆಯ ಕಿಟಕಿಯ ಹತ್ತಿರ ಕೂತೆ. ನೆಟ್‌ವರ್ಕ್ ಅಲ್ಲಿ ಚೆನ್ನಾಗಿ ಸಿಗುತ್ತದೆ. ಅವ್ವ ಎಮ್ಮೆಯನ್ನು ಹಿತ್ತಲಿಗೆ ಕಟ್ಟಿ ಬಂದು ಬಾಗಿಲಲ್ಲಿ ನಿಂತರು, ಯಾರೂ ಒಳಗೆ ಬರದಂತೆ. ಇಂಟರ್‌ವ್ಯೂನಲ್ಲಿ ಇಬ್ಬರಿದ್ದರು. ಪವರ್ ಫ್ಯಾಕ್ಟರ್ ಕಡಿಮೆಯಾದರೆ ಏನಾಗುತ್ತದೆ ಎಂದು ಮೇಡಂ ಕೇಳಿದರು. ಪುಸ್ತಕದ ಉತ್ತರ ಹೇಳಿ, ಆಮೇಲೆ ನಮ್ಮ ಪಂಪ್‌ಸೆಟ್ಟಿನ ಕಥೆ ಹೇಳಿದೆ. ಏಳೂವರೆ ಎಚ್‌ಪಿ ಮೋಟರ್. ಸ್ಟಾರ್ಟರ್ ಪಕ್ಕದ ಕೆಪಾಸಿಟರ್ ಸುಟ್ಟಿತ್ತು, ಅದಿಲ್ಲದಿದ್ದರೂ ಮೋಟರ್ ತಿರುಗುತ್ತದಲ್ಲ ಎಂದು ಯಾರೂ ಹಾಕಿಸಿರಲಿಲ್ಲ. ಸುತ್ತಲಿನ ಪಂಪ್‌ಸೆಟ್‌ಗಳಲ್ಲೂ ಹಾಗೇ. ಎಲ್ಲವೂ ಒಮ್ಮೆಲೆ ಚಾಲೂ ಆದರೆ ಲೈನಿನಲ್ಲಿ ಹೆಚ್ಚಿನ ಕರೆಂಟ್ ಹರಿದು ವೋಲ್ಟೇಜ್ ಬೀಳುತ್ತದೆ, ಕಾಯಿಲ್ ಸುಡುತ್ತದೆ, ಟ್ರಾನ್ಸ್‌ಫಾರ್ಮರ್ ಕೆಡುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ಓದಿದ ಮೇಲೆ ಅಪ್ಪನಿಗೆ ಹೇಳಿ ಹೊಸ ಕೆಪಾಸಿಟರ್ ಹಾಕಿಸಿದ್ದೆ. ಪಕ್ಕದ ಹೊಲದವರೂ ಹಾಕಿಸಿದರು. ಇದನ್ನು ಕೇಳಿ ಮೇಡಂ ಪೆನ್ ಕೆಳಗಿಟ್ಟರು. ಆಮೇಲೆ ಅದೇ ವಿಷಯದ ಮೇಲೆಯೇ ಪ್ರಶ್ನೆಗಳು ಬಂದವು, ಎಲ್ಲಕ್ಕೂ ಉತ್ತರ ಇತ್ತು. ಒಳ್ಳೆಯದಾಯಿತು. ಬಹಳ ಒಳ್ಳೆಯದಾಯಿತು ಅಂತಲೇ ಬರೆಯುತ್ತೇನೆ.

ಅಷ್ಟರಲ್ಲಿ ವಾಟ್ಸಾಪಿಗೆ ವಿಡಿಯೋಗಳು ಬರತೊಡಗಿದವು. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಬಳಿ ಕಬ್ಬು ತುಂಬಿ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬೆಂಕಿ. ಒಣ ಸೋಗೆಗೆ ಹತ್ತಿದ ಬೆಂಕಿ ಒಂದು ಟ್ರೇಲರ್‌ನಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಅಪ್ಪನ ಫೋನ್ ಸ್ವಿಚ್ ಆಫ್. ಅವ್ವ ಬಾಗಿಲು ಬಿಟ್ಟು ಕದಲಲಿಲ್ಲ. ಕಾಕಾ ಬೈಕ್ ತೆಗೆದುಕೊಂಡು ಹೋಗುತ್ತೇನೆಂದು ಹೊರಟರು, ಕಾಕೂ ಕೀಲಿ ಕಸಿದುಕೊಂಡರು.

ಅಪ್ಪ ರಾತ್ರಿ ಒಂಬತ್ತರ ಮೇಲೆ ಬಂದರು. ಸಮೀರವಾಡಿಗೆ ಹೋಗಿರಲಿಲ್ಲ, ಮುಧೋಳದಲ್ಲೇ ಇದ್ದರಂತೆ. ಫೋನಿನ ಚಾರ್ಜ್ ಮುಗಿದಿತ್ತು. ಕೈಕಾಲು ತೊಳೆದು ಕೂತವರು ಊಟ ಬೇಡ ಅಂದರು. ಬೆಂಕಿ ಹಚ್ಚಿದವರು ಯಾರು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಅಪ್ಪ ಆ ಮಾತಿಗೇ ಹೋಗಲಿಲ್ಲ. "ಯಾರರೆ ಹಚ್ಚಲಿ. ಸುಟ್ಟಿದ್ದು ನಮ್ಮಂಥಾವರ ಕಬ್ಬು, ನಮ್ಮಂಥಾವರ ಗಾಡಿ" ಅಂದರು. ಕಾಕಾನ ಟ್ರ್ಯಾಕ್ಟರ್ ದೀಪಾವಳಿಯಿಂದ ಮನೆಯ ಮುಂದೆಯೇ ನಿಂತಿದೆ, ಕಡಿಯುವ ಗ್ಯಾಂಗ್ ಬಂದು ಬಿಡಾರ ಹೂಡಿ ಕೆಲಸವಿಲ್ಲದೆ ಕೂತಿದೆ. "ನಂದು ಅಲ್ಲಿ ನಿಂತಿದ್ರ ಕಂತ ಯಾರ ತುಂಬತಿದ್ರು" ಎಂದ ಕಾಕಾನ ದನಿ ನಡುಗುತ್ತಿತ್ತು.

ಇಂಟರ್‌ವ್ಯೂ ಹೇಗಾಯಿತೆಂದು ಅವನು ಮೆಸೇಜ್ ಹಾಕಿದ್ದ. ಚೆನ್ನಾಗಾಯಿತು ಎಂದಷ್ಟೇ ಉತ್ತರಿಸಿದೆ.

ಶುಕ್ರವಾರ, 14 ನವೆಂಬರ್

ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ನಿಷೇಧಾಜ್ಞೆ. ಮನೆಯಲ್ಲಿ ಎಲ್ಲರೂ ಇದ್ದೇವೆ, ಮಾತು ಮಾತ್ರ ಕಡಿಮೆ. ಓದಲು ಕೂತರೆ ತಲೆಗೆ ಹತ್ತಲಿಲ್ಲ. ಸಂಜೆ ಅವ್ವನ ಜೊತೆ ರೊಟ್ಟಿ ಬಡಿದೆ, ಕೈಗೆ ಕೆಲಸ ಸಿಕ್ಕ ಮೇಲೆ ಸಮಾಧಾನವಾಯಿತು.

ಶನಿವಾರ, 15 ನವೆಂಬರ್

ಅತ್ತಿ ಜಮಖಂಡಿಯಿಂದ ಇವತ್ತು ಬರುವವರಿದ್ದರು, ಗಲಾಟೆಯ ಸಲುವಾಗಿ ಫೋನಿನಲ್ಲೇ ಮಾತು. ನನ್ನ ಮದುವೆಯ ಮಾತೆತ್ತಲು ತುಳಸಿ ಲಗ್ನ ಮುಗಿಯುವುದನ್ನೇ ಕಾಯುತ್ತಿರುತ್ತಾರೆ. ಹುಡುಗ ಬ್ಯಾಂಕಿನಲ್ಲಿದ್ದಾನೆ, ಮನೆತನ ಚಲೋ, ಹೊಲವೂ ಇದೆ, ಈ ಬ್ಯಾಸಗಿಯಲ್ಲೇ ಮುಗಿಸಿಬಿಡೋಣ. ಸ್ಪೀಕರ್ ಹಾಕಿದ್ದರು, ಎಲ್ಲ ಕೇಳಿಸಿತು. ಅತ್ತಿ ನನ್ನ ಮೇಲಿನ ಜೀವಕ್ಕೇ ಹೇಳುತ್ತಾರೆ. ಪಿಯುಸಿಯಲ್ಲಿ ನನ್ನ ಹಾಸ್ಟೆಲ್ ಫೀ ಕಟ್ಟಿದವರು ಅವರೇ.

ಫೋನ್ ಇಟ್ಟ ಮೇಲೆ ಅವ್ವನಿಗೆ ಹೇಳಿದೆ: ಕೋರ್ಸ್ ಮುಗಿಯುವವರೆಗೆ, ಕೈಯಲ್ಲಿ ಕೆಲಸ ಬರುವವರೆಗೆ ಈ ಮಾತು ಬೇಡ. ಅವ್ವ ಎಮ್ಮೆಯ ಕೆಚ್ಚಲಿಗೆ ನೀರು ಹಾಕುತ್ತಾ, ತಲೆ ಎತ್ತದೆ ಕೇಳಿದರು, "ಯಾರರ ಅದಾರೇನ ನಿನ್ನ ಮನಸಿನ್ಯಾಗ?" ಇದ್ದಾರೆ ಅಂದೆ. ಬೇರೆ ಜಾತಿ ಅಂತಲೂ ಹೇಳಿದೆ, ಬನಹಟ್ಟಿಯ ನೇಕಾರರ ಮನೆಯವನು ಅಂತಲೂ ಹೇಳಿದೆ. ಅವ್ವ ಹಾಲು ಹಿಂಡಿ ಮುಗಿಸುವವರೆಗೆ ಏನೂ ಆಡಲಿಲ್ಲ. ಆಮೇಲೆ, "ನಿಮ್ಮಪ್ಪನ ಮುಂದ ಈಗ ಆಡಬ್ಯಾಡ. ಮೊದಲ ಓದ ಮುಗೀಲಿ. ಅತ್ತಿಗೆ ನಾ ಹೇಳತೀನಿ" ಎಂದು ಚರಗಿ ಎತ್ತಿಕೊಂಡು ಒಳಗೆ ಹೋದರು. ಹಾಂ ಅನ್ನಲಿಲ್ಲ, ಊಂಹೂಂ ಅಂತಲೂ ಅನ್ನಲಿಲ್ಲ. ಅವ್ವನ ಜೊತೆ ಇಷ್ಟು ಮಾತಾಡಲು ನನಗೆ ಎರಡು ವರ್ಷ ಬೇಕಾಯಿತು. ಕೈ ಇನ್ನೂ ತಣ್ಣಗಿದೆ.

ಭಾನುವಾರ, 16 ನವೆಂಬರ್

ಮಧ್ಯಾಹ್ನ ಅಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದಾಗ ಅರ್ಜಿಯನ್ನು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಕಾರ್ಖಾನೆಯ ಹೆಸರು ಓದಿದರು. ಮುಖ ಬಿಗಿಯಾಯಿತು.

"ಇಲ್ಲೇನ ಮಾಡತಿ?"

ಹೇಳಿದೆ. ನಮ್ಮ ಒಂದು ಟನ್ ಕಬ್ಬು ಒಳಗೆ ಹೋದರೆ, ರಿಕವರಿ 10.25 ಇದ್ದಾಗ ನೂರು ಕಿಲೋಗಿಂತ ತುಸು ಹೆಚ್ಚು ಸಕ್ಕರೆ ಬರುತ್ತದೆ. ಸುಮಾರು 280 ಕಿಲೋ ಸಿಪ್ಪೆ, ಅದೇ ಬಗ್ಯಾಸು. ನಲವತ್ತು ಕಿಲೋ ಆಸುಪಾಸು ಕಾಕಂಬಿ, ಅದರಿಂದ ಸ್ಪಿರಿಟ್ಟು, ಎಥೆನಾಲು. ಜೊತೆಗೆ ತುಸು ಮಡ್ಡಿ, ಅದು ಗೊಬ್ಬರಕ್ಕೆ. ಸಿಪ್ಪೆ ಬಾಯ್ಲರಿನಲ್ಲಿ ಉರಿದು ನೀರನ್ನು ಹಬೆ ಮಾಡುತ್ತದೆ, ಒಂದು ಟನ್ ಸಿಪ್ಪೆಗೆ ಎರಡು ಟನ್ನಿಗೂ ಮಿಕ್ಕಿ ಹಬೆ. ಆ ಹಬೆ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಜನರೇಟರ್ ತಿರುಗಿಸುತ್ತದೆ. ಟರ್ಬೈನಿನಿಂದ ಹೊರಬಂದ ಹಬೆಯಲ್ಲೇ ರಸ ಕುದಿಯುತ್ತದೆ. ಕಾರ್ಖಾನೆ ತನಗೆ ಬೇಕಾದಷ್ಟು ಕರೆಂಟ್ ಇಟ್ಟುಕೊಂಡು ಉಳಿದದ್ದನ್ನು ಗ್ರಿಡ್ಡಿಗೆ ಮಾರುತ್ತದೆ. ನನಗೆ ಕಲಿಯಬೇಕಾಗಿರುವುದು ಆ ಕರೆಂಟಿನ ಕೆಲಸ.

ಅಪ್ಪ ಬಹಳ ಹೊತ್ತು ಕೇಳಿದರು. ನಡುವೆ ಎರಡು ಸಲ ನಿಲ್ಲಿಸಿ, ಮತ್ತೊಮ್ಮೆ ಹೇಳು ಅಂದರು. ಮೂವತ್ತು ವರ್ಷ ಕಬ್ಬು ಬೆಳೆದವರು. ಗೇಟಿನ ಕಾಟಾದಿಂದ ಆಚೆಗೆ ಅದು ಏನಾಗುತ್ತದೆಂದು ಅವರಿಗೆ ಕೂತು ಹೇಳಿದವರು ಯಾರೂ ಇರಲಿಲ್ಲ.

"ಹಂಗಾರ ಈ ಕರೆಂಟ, ಕಾಕಂಬಿ, ಇವುದರಾಗ ನಮ್ಮ ಪಾಲ ಎಷ್ಟು?"

2012ರಲ್ಲಿ ರಂಗರಾಜನ್ ಸಮಿತಿ ಹೇಳಿದ್ದನ್ನು ಓದಿದ್ದೆ. ಸಕ್ಕರೆ ಜೊತೆ ಸಿಪ್ಪೆ, ಕಾಕಂಬಿ, ಮಡ್ಡಿ ಎಲ್ಲವನ್ನೂ ಕೂಡಿಸಿ ಬಂದ ಬೆಲೆಯಲ್ಲಿ ನೂರಕ್ಕೆ 70 ರೈತರಿಗೆ, ಬರೇ ಸಕ್ಕರೆಯ ಲೆಕ್ಕ ಹಿಡಿದರೆ ನೂರಕ್ಕೆ 75. ಅದನ್ನು ಹೇಳಿದೆ. ಅಪ್ಪ ಪೇಪರಿನ ಅಂಚಿನಲ್ಲಿ 70, 75 ಎಂದು ಬರೆದುಕೊಂಡರು.

"ಬೆಂಗಳೂರು ಸಿಕ್ಕರ?"

"ಸಿಕ್ಕರೂ ನಂಗ ಇದ ಬೇಕಪ್ಪಾ. ಖರ್ಚಿನ ಸಲುವಾಗಿ ಅಲ್ಲ."

ಇದು ನಿಜ. ಸುತ್ತ ಇಷ್ಟು ಕಾರ್ಖಾನೆಗಳಿದ್ದೂ ಒಳಗಿನ ಯಂತ್ರದ ಮುಂದೆ ನಮ್ಮ ಹೊಳೆಸಾಲಿನ ಹೆಣ್ಣುಮಗಳೊಬ್ಬಳು ಎಂಜಿನಿಯರ್ ಆಗಿ ನಿಂತದ್ದನ್ನು ನಾನು ನೋಡಿಲ್ಲ. ಗೇಟಿನ ಹೊರಗೆ ಅಪ್ಪ ದರ ಕೇಳುವುದೂ, ಗೇಟಿನ ಒಳಗೆ ನಾನು ಕೆಲಸ ಕಲಿಯುವುದೂ ಒಂದಕ್ಕೊಂದು ವಿರುದ್ಧವೆಂದು ನನಗೆ ಅನ್ನಿಸುವುದಿಲ್ಲ. ಹಾಗೇ ಹೇಳಿದೆ. ಅಪ್ಪ ಸಹಿ ಮಾಡಿದರು. ಕಾಗದ ಕೈಗೆ ಕೊಡುತ್ತಾ, "ತೂಕದ ಕಾಟಾ ಹೆಂಗ ನಡಿತೈತಿ, ಅದನ್ನೂ ಕಲಕೊಂಡ ಬಾ" ಅಂದರು. ಕಾಟಾದೊಳಗಿನ ಲೋಡ್ ಸೆಲ್ ಬಗ್ಗೆ ಇನ್‌ಸ್ಟ್ರುಮೆಂಟೇಷನ್‌ನಲ್ಲಿ ಓದಿದ್ದೇನೆ, ಅದನ್ನೂ ಅವರಿಗೆ ಚಿತ್ರ ಬರೆದು ತೋರಿಸಬೇಕು.

ಅವನಿಗೆ ಫೋನ್ ಮಾಡಿ, ಫೆಬ್ರುವರಿಯಿಂದ ನಾನು ಇಲ್ಲೇ ಇರುತ್ತೇನೆ ಅಂದೆ. ಬೇಜಾರು ಮಾಡಿಕೊಂಡ, ಅದನ್ನು ಮುಚ್ಚಿಡಲಿಲ್ಲ. ಅವ್ವನಿಗೆ ಹೇಳಿದ್ದೇನೆ ಎಂದಾಗ ಎದ್ದು ನಿಂತಿರಬೇಕು, ಕುರ್ಚಿ ಸರಿದ ಸಪ್ಪಳ ಕೇಳಿತು. "ಅವ್ವನ ಮುಂದ ಹೇಳಿದಿ? ಖರೇನ?" ಎಂದು ಮತ್ತೆ ಮತ್ತೆ ಕೇಳಿದ. ಅವರ ಮನೆಯಲ್ಲಿ ಯಾವಾಗ ಹೇಳುತ್ತೀ ಎಂದು ಕೇಳಿದೆ. ಡಿಸೆಂಬರಿನ ಪರೀಕ್ಷೆ ಮುಗಿದ ಮೇಲೆ ಅಂದ. ಆಗಲಿ ಅಂದೆ.

ನಾಳೆ ಬಸ್ ಬಿಟ್ಟರೆ ಮೊದಲ ಗಾಡಿಗೇ ಹೋಗಿ ಅರ್ಜಿಯನ್ನು ಎಚ್‌ಒಡಿ ಸರ್ ಕೈಗೆ ಕೊಡಬೇಕು. ಬೆಂಗಳೂರಿನ ಮೇಡಂಗೆ ಅವರು ಆರಿಸುವ ಮುಂಚೆಯೇ ಬರೆದು ತಿಳಿಸುವುದು ಮರ್ಯಾದೆ. ಆ ಜಾಗ ನಮ್ಮ ಬ್ಯಾಚಿನಲ್ಲೇ ಇನ್ನೊಬ್ಬರಿಗೆ ಸಿಗಬಹುದಾದರೆ ಕೇಳಿ ನೋಡುತ್ತೇನೆ.